ಇಎಂಐ, ಎಫ್‌ಡಿ ಲೆಕ್ಕದ ಸಾಫ್ಟ್‌ವೇರ್ ಶೇರ್‌ವೇರ್ ಆಗಿ ಬಿಡಬಹುದಾ? ಬೀಗ ಎಲ್ಲಿ ಹಾಕಲಿ?

ತುಂಗಾಬದಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮ ಸೋದರಮಾವ ಲೆಕ್ಕಪತ್ರ ಬರೆಯುವ ಆಫೀಸು ಇಟ್ಟುಕೊಂಡಿದ್ದಾರೆ. ಅವರಿಗಾಗಿ ವಿಂಡೋಸ್‌ನಲ್ಲಿ ಓಡುವ ಒಂದು ಸಣ್ಣ ಸಾಫ್ಟ್‌ವೇರ್ ಬರೆದೆ. ಸಾಲದ ಕಂತು, ಎಫ್‌ಡಿ, ಆರ್‌ಡಿ, ಪಿಪಿಎಫ್, ಐಆರ್‌ಆರ್ (ಹೂಡಿಕೆ ವರ್ಷಕ್ಕೆ ಎಷ್ಟು ಪರ್ಸೆಂಟ್ ಗಳಿಸುತ್ತದೆ), ಎನ್‌ಪಿವಿ (ಮುಂದೆ ಬರುವ ಹಣದ ಇವತ್ತಿನ ಬೆಲೆಯಲ್ಲಿ ಬಂಡವಾಳ ಕಳೆದು ಉಳಿಯುವುದು) ಎಲ್ಲ ಮಾಡುತ್ತದೆ. ಫ್ಲಾಟ್ ಬಡ್ಡಿ, ಅಂದರೆ ಕೊನೆಯವರೆಗೂ ಮೊದಲಿನ ಪೂರ್ತಿ ಅಸಲಿನ ಮೇಲೇ ಲೆಕ್ಕ ಹಾಕುವ ಬಡ್ಡಿ, ಹಾಕಿದರೆ ನಿಜವಾದ ಬಡ್ಡಿ ಎಷ್ಟು ಅಂತ ತೋರಿಸುತ್ತದೆ. ನಡುವೆ ಒಂದಿಷ್ಟು ಅಸಲು ಕಟ್ಟಿದರೆ ಅಥವಾ ದರ ಬದಲಾದರೆ ಹೊಸ ಷೆಡ್ಯೂಲ್ ಕೊಡುತ್ತದೆ. ಇಂಟರ್‌ನೆಟ್ ಬೇಡ. ಪ್ರಿಂಟ್ ಕನ್ನಡದಲ್ಲೂ ಬರುತ್ತದೆ, ಇಂಗ್ಲಿಷಿನಲ್ಲೂ ಬರುತ್ತದೆ.

ಮಾವನ ಸ್ನೇಹಿತರು ಆಗಲೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿದ್ದಾರೆ. ಅವರಿಂದ ಇನ್ಯಾರಿಗೋ ಹೋಗಿದೆ. ಮೊನ್ನೆ ಭದ್ರಾವತಿಯಿಂದ ಗುರುತೇ ಇಲ್ಲದವರೊಬ್ಬರು ಫೋನ್ ಮಾಡಿ, ಮೊದಲ ಆರು ತಿಂಗಳು ಕಂತು ಇಲ್ಲದ ಸಾಲವನ್ನು ಹೇಗೆ ಹಾಕುವುದು ಅಂತ ಕೇಳಿದರು!

ಹೇಗೂ ಕಾಪಿ ಆಗ್ತಾ ಇದೆ. ಹಾಗಾದರೆ ಹಳೇ ಕಾಲದ ಶೇರ್‌ವೇರ್ ಥರ ಬಿಟ್ಟರೆ ಹೇಗೆ ಅಂತ ಯೋಚನೆ. ಯಾರು ಬೇಕಾದರೂ ಹಂಚಿ, ಬಳಸಿ ನೋಡಿ, ಕೆಲಸಕ್ಕೆ ಬಂದರೆ 499 ರೂಪಾಯಿ ಕೊಡಿ. ಆದರೆ ಬೀಗ ಎಲ್ಲಿ ಹಾಕಬೇಕು ಅನ್ನುವುದು ಹೊಳೆಯುತ್ತಿಲ್ಲ. 30 ದಿನ ಆದಮೇಲೆ ನಿಲ್ಲಿಸಲಾ? 5 ಲಕ್ಷಕ್ಕಿಂತ ಜಾಸ್ತಿ ಸಾಲ ಹಾಕಿದರೆ ಉತ್ತರ ಮುಚ್ಚಲಾ? ಅಥವಾ ಸುಮ್ನೆ ಒಂದು ಕಿಟಕಿ ತೆರೆದು "ದಯವಿಟ್ಟು ಕೊಳ್ಳಿ" ಅನ್ನಲಾ?

ಉಚಿತವೇಇರಲಿ

ಎಕ್ಸೆಲ್‌ನಲ್ಲಿ ಕಂತಿಗೆ ಪಿಎಂಟಿ ಸೂತ್ರ ಇದೆ, ಅವಧಿಗೆ ಎನ್‌ಪರ್ ಇದೆ, ದರಕ್ಕೆ ರೇಟ್ ಇದೆ. ಲಿಬ್ರೆಆಫೀಸ್‌ನಲ್ಲಿ ಇವೆಲ್ಲ ಪುಕ್ಕಟೆ. ಪ್ರತಿ ಬ್ಯಾಂಕಿನ ವೆಬ್‌ಸೈಟಿನಲ್ಲೂ ಇಎಂಐ ಕ್ಯಾಲ್ಕುಲೇಟರ್ ಇರುತ್ತದೆ. ಒಂದು ಸೂತ್ರಕ್ಕೆ 499 ರೂಪಾಯಿ ಯಾರು ಕೊಡುತ್ತಾರೆ? ಸೋರ್ಸ್ ಕೋಡ್ ಸಮೇತ ಬಿಟ್ಟುಬಿಡಿ. ಹೆಸರಾದರೂ ಬರುತ್ತದೆ.

ದಾವಣಗೆರೆ_ಟ್ಯಾಕ್ಸ್

@ಉಚಿತವೇಇರಲಿ, ನಾನು ಕೊಡುತ್ತೇನೆ. ನನ್ನದು ತೆರಿಗೆ ರಿಟರ್ನ್ಸ್, ಪ್ರಾಜೆಕ್ಟ್ ರಿಪೋರ್ಟ್ ಮಾಡುವ ಆಫೀಸು. ಎಕ್ಸೆಲ್ ನಮ್ಮಲ್ಲೂ ಇದೆ. ನಮ್ಮ ಹುಡುಗ ಫಾರ್ಮುಲಾ ಇರುವ ಸೆಲ್ ಮೇಲೇ ಅಂಕಿ ಟೈಪ್ ಮಾಡಿಬಿಡುತ್ತಾನೆ. ಮುಂದಿನ ಕಕ್ಷಿದಾರರಿಗೂ ಅದೇ ಅಂಕಿ ಹೋಗುತ್ತದೆ. ಪಿಎಂಟಿಯಲ್ಲಿ ಮೈನಸ್ ಯಾಕೆ ಬರುತ್ತದೆ ಅಂತ ಹೊಸಬರಿಗೆ ವಿವರಿಸಿ ವಿವರಿಸಿ ಸಾಕಾಗಿದೆ. ಎನ್‌ಪಿವಿ ಇನ್ನೂ ಕಷ್ಟ. ಎಕ್ಸೆಲ್ ಮೊದಲನೇ ಮೊತ್ತವನ್ನೇ ಒಂದು ವರ್ಷ ಆದಮೇಲೆ ಬಂದದ್ದು ಅಂತ ಹಿಡಿಯುತ್ತದೆ. ಇವತ್ತು ಹಾಕುವ ಬಂಡವಾಳವನ್ನು ಸೂತ್ರದ ಹೊರಗೆ ಬೇರೆ ಕೂಡಿಸಬೇಕು. ಇದು ಗೊತ್ತಿಲ್ಲದೆ ಮಾಡಿದ ಪ್ರಾಜೆಕ್ಟ್ ರಿಪೋರ್ಟುಗಳು ಬೇಕಾದಷ್ಟು ನೋಡಿದ್ದೇನೆ.

ಬ್ಯಾಂಕಿನ ವೆಬ್‌ಸೈಟಿನ ಕ್ಯಾಲ್ಕುಲೇಟರ್ ಒಂದೇ ದರ, ಒಂದೇ ಅವಧಿ ಕೇಳುತ್ತದೆ. ಮೂರನೇ ವರ್ಷ ಅಡಿಕೆ ದುಡ್ಡು ಬಂತು, 2 ಲಕ್ಷ ಕಟ್ಟಿದೆ, ಈಗ ಏನಾಯ್ತು ಅಂತ ಕೇಳಿದರೆ ಅಲ್ಲಿ ಉತ್ತರ ಇಲ್ಲ. ನಮಗೆ ಬೇಕಾದದ್ದು ಅದೇ.

ತುಂಗಾಬದಿ ಅವರೇ, 30 ದಿನದ ಬೀಗ ಮಾತ್ರ ಬೇಡ. ನಮ್ಮ ಕೆಲಸ ಸೀಸನ್ ಮೇಲೆ ನಡೆಯುತ್ತದೆ. ಏಪ್ರಿಲ್‌ನಲ್ಲಿ ಹಾಕಿಕೊಂಡವರು ಜುಲೈಯಲ್ಲಿ ತೆಗೆಯುತ್ತಾರೆ. ಬಳಸುವ ಮೊದಲೇ ಗಡುವು ಮುಗಿದಿರುತ್ತದೆ.

ಹಳೇಫ್ಲಾಪಿ

ಶೇರ್‌ವೇರ್ ಅಂದ ಕೂಡಲೇ ಎಲ್ಲರೂ ಗಡುವು, ಬೀಗ ಅಂತಾರೆ. ಶುರುವಾದಾಗ ಅದು ಹಾಗಿರಲಿಲ್ಲ.

1982ರಲ್ಲಿ ಅಮೆರಿಕದಲ್ಲಿ ಇಬ್ಬರು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಇದನ್ನು ಶುರು ಮಾಡಿದರು. ಆಂಡ್ರ್ಯೂ ಫ್ಲೂಗೆಲ್‌ಮನ್ ಪಿಸಿ-ಟಾಕ್ ಅನ್ನುವ ಮೋಡೆಮ್ ಸಾಫ್ಟ್‌ವೇರ್ ಬರೆದರು. ಜಿಮ್ ನಾಫ್ ತಮ್ಮ ಚರ್ಚಿನವರಿಗೆ ವಿಳಾಸದ ಚೀಟಿ ಮಾಡಿಕೊಡಲು ಬರೆದದ್ದು ಪಿಸಿ-ಫೈಲ್ ಆಯಿತು. ನಿಮ್ಮ ಮಾವನ ಆಫೀಸಿನ ಕಥೆಯೇ, ಅಲ್ವಾ? ಕಾಪಿ ಕೈಯಿಂದ ಕೈಗೆ ಹೋಗಿ, ತಿದ್ದುಪಡಿ ಯಾರಿಗೆ ಕಳಿಸಬೇಕು ಅಂತ ಗೊತ್ತಾಗದೆ, ಕೊನೆಗೆ ಸಾಫ್ಟ್‌ವೇರ್ ಒಳಗೇ ಒಂದು ಸೂಚನೆ ಹಾಕಿದರು: ಉಪಯೋಗ ಆದರೆ ಸ್ವಲ್ಪ ಹಣ ಕಳಿಸಿ. ಇಬ್ಬರಿಗೂ ಒಬ್ಬರ ವಿಷಯ ಇನ್ನೊಬ್ಬರಿಗೆ ತಿಳಿದ ಮೇಲೆ ಬೆಲೆ 25 ಡಾಲರ್ ಅಂತ ಒಂದೇ ಇಟ್ಟುಕೊಂಡು, ಒಬ್ಬರ ಸಾಫ್ಟ್‌ವೇರನ್ನು ಇನ್ನೊಬ್ಬರು ಹೊಗಳಿದರು.

1983ರಲ್ಲಿ ಬಾಬ್ ವಾಲೇಸ್ ಬಂದರು. ಮೈಕ್ರೋಸಾಫ್ಟ್‌ನ ಮೊದಮೊದಲ ನೌಕರರಲ್ಲಿ ಒಬ್ಬರು. ಕೆಲಸ ಬಿಟ್ಟು ಪಿಸಿ-ರೈಟ್ ಅನ್ನುವ ವರ್ಡ್ ಪ್ರೊಸೆಸರ್ ಬರೆದರು. ಅವರ ವ್ಯವಸ್ಥೆ ನನಗೆ ಈಗಲೂ ಇಷ್ಟ. ಡಿಸ್ಕ್ 10 ಡಾಲರ್. ನೋಂದಣಿ 75 ಡಾಲರ್. ನೋಂದಾಯಿಸಿದವರಿಗೆ ಮುದ್ರಿತ ಕೈಪಿಡಿ, ಫೋನ್ ಸಹಾಯ, ಜೊತೆಗೆ ಅವರದೇ ಒಂದು ನಂಬರ್. ಆ ನಂಬರ್ ಇರುವ ಕಾಪಿಯನ್ನು ನೀವು ಹಂಚಿ, ಅದರಿಂದ ಇನ್ನೊಬ್ಬರು ನೋಂದಾಯಿಸಿದರೆ ನಿಮಗೆ 25 ಡಾಲರ್ ಕಮಿಷನ್. ಕಾಪಿ ಮಾಡುವವನು ಅಲ್ಲಿ ಕಳ್ಳ ಅಲ್ಲ, ಏಜೆಂಟ್.

1987ರಲ್ಲಿ ಶೇರ್‌ವೇರ್ ಬರೆಯುವವರು ಸೇರಿ ಒಂದು ಸಂಘ ಕಟ್ಟಿದರು. ಅದರ ಸದಸ್ಯರು ಹಂಚುವ ಕಾಪಿಯ ಕೈಕಾಲು ಮುರಿದು ಕೊಡಬಾರದು ಅನ್ನುವ ನಿಯಮ ಮೊದಲ ಕಾಲದಲ್ಲಿ ಇತ್ತು. ಆಮೇಲೆ ಸಡಿಲವಾಯಿತು. ಆಟಗಳು ಬಂದ ಮೇಲೆ ಮೊದಲ ಭಾಗ ಪುಕ್ಕಟೆ, ಉಳಿದದ್ದಕ್ಕೆ ದುಡ್ಡು ಅನ್ನುವ ದಾರಿ ಆಯಿತು. 1993ರ ಡೂಮ್ ಹಂಚಿದ್ದು ಹಾಗೇ. ಫೈಲ್ ಕುಗ್ಗಿಸುವ ವಿನ್‌ರಾರ್‌ನ 40 ದಿನದ ಉಚಿತ ಗಡುವು ನಿಮಗೆಲ್ಲ ಗೊತ್ತೇ ಇದೆ. ಆ 40 ದಿನ ಯಾರ ಕಂಪ್ಯೂಟರಿನಲ್ಲೂ ಮುಗಿದದ್ದು ನಾನು ನೋಡಿಲ್ಲ.

ನಮ್ಮಲ್ಲಿಗೆ ಇವೆಲ್ಲ ಬಂದದ್ದು ಪಿಸಿಕ್ವೆಸ್ಟ್, ಡಿಜಿಟ್ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳಲ್ಲಿ. ಸಾಫ್ಟ್‌ವೇರ್ ಬಂತು, ದುಡ್ಡು ಕಟ್ಟುವ ದಾರಿ ಬರಲಿಲ್ಲ. 25 ಡಾಲರ್ ಚೆಕ್ ಕಳಿಸಿ ಅಂದರೆ ಹುಬ್ಬಳ್ಳಿಯ ಹುಡುಗ ಏನು ಮಾಡಬೇಕು? ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದವರಿಗೆ ಕ್ರ್ಯಾಕ್ ಆದ, ಅಂದರೆ ಬೀಗ ಮುರಿದ ಸಿಡಿ ಸಿಗುತ್ತಿತ್ತು. ಭಾರತದವರು ಸಾಫ್ಟ್‌ವೇರ್‌ಗೆ ದುಡ್ಡು ಕೊಡುವುದಿಲ್ಲ ಅನ್ನುವವರು ಈ ಭಾಗ ಮರೆತುಬಿಡುತ್ತಾರೆ.

ಬಸ್‌ಸ್ಟಾಂಡ್_ಕಾಫಿ

ಸಬ್‌ಸ್ಕ್ರಿಪ್ಷನ್ ಮಾಡಿ ಗುರು. ತಿಂಗಳಿಗೆ 49. ಈಗ ಎಲ್ಲರೂ ಅದೇ ಮಾಡೋದು.

ರೈನ್_ದಂಡೆ

@ಬಸ್‌ಸ್ಟಾಂಡ್_ಕಾಫಿ, ಬೇಡ. ನಾನು ಜರ್ಮನಿಯಲ್ಲಿ ಕೂತು ಸಣ್ಣಪುಟ್ಟ ವಿಂಡೋಸ್ ಸಾಫ್ಟ್‌ವೇರ್ ಮಾರುತ್ತೇನೆ. ತಿಂಗಳ ಚಂದಾ ಅಂದರೆ ನಮ್ಮ ಕಡೆ ಸರ್ವರ್ ಬೇಕು, ಅವರ ಕಡೆ ಇಂಟರ್‌ನೆಟ್ ಬೇಕು. ಇವರ ಸಾಫ್ಟ್‌ವೇರ್‌ನ ದೊಡ್ಡ ಗುಣವೇ ಇಂಟರ್‌ನೆಟ್ ಇಲ್ಲದೆ ಓಡುವುದು. ಭಾರತದಲ್ಲಿ 2021ರ ಅಕ್ಟೋಬರ್‌ನಿಂದ ಕಾರ್ಡಿನಲ್ಲಿ ತಾನಾಗಿ ಕಡಿತವಾಗುವ ಪಾವತಿಗೆ ಮೊದಲು ಗ್ರಾಹಕರ ಒಪ್ಪಿಗೆ ದಾಖಲಾಗಬೇಕು, ಪ್ರತಿ ಸಲ ಮುಂಚಿತವಾಗಿ ತಿಳಿಸಬೇಕು. 49 ರೂಪಾಯಿಗೆ ಇಷ್ಟು ರಾಮಾಯಣ ಯಾಕೆ?

ಒಂದೇ ಸಲ 499, ಯುಪಿಐನಲ್ಲಿ. ಹಳೇಫ್ಲಾಪಿ ಸರ್ ಹೇಳಿದ ಚೆಕ್ ಸಮಸ್ಯೆ ಈಗ ಮುಗಿದಿದೆ. ಕ್ಯೂಆರ್ ಕೋಡನ್ನು ಸಾಫ್ಟ್‌ವೇರ್ ಒಳಗೇ ಇಡಿ. ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿನಲ್ಲೂ ಅದು ಕಾಣಿಸುತ್ತದೆ, ದುಡ್ಡು ಮೊಬೈಲಿನಿಂದ ಹೋಗುತ್ತದೆ. ಆದರೆ ಆ ಕ್ಯೂಆರ್‌ಗೆ ಬೇರೆ ಖಾತೆ ಇಡಿ. ಸಂಬಳದ ಖಾತೆ ಬೇಡ.

ಹೊರದೇಶಕ್ಕೆ ಮಾರುವುದಾದರೆ ಮಾತ್ರ ಯಾರಾದರೂ ಮಧ್ಯವರ್ತಿಯನ್ನು ಹಿಡಿಯಿರಿ. ಯುರೋಪಿನಲ್ಲಿ 2015ರಿಂದ ಕೊಳ್ಳುವವರ ದೇಶದ ದರದಲ್ಲೇ ವ್ಯಾಟ್ ಲೆಕ್ಕ ಹಾಕಬೇಕು. ಕೆಲವು ಪಾವತಿ ಕಂಪನಿಗಳು ಮಾರಾಟಗಾರನ ಜಾಗದಲ್ಲಿ ತಮ್ಮ ಹೆಸರು ಹಾಕಿಕೊಂಡು ಆ ತೆರಿಗೆ ತಾವೇ ಕಟ್ಟುತ್ತವೆ. ಕಮಿಷನ್ ಹೋಗುತ್ತದೆ, ತಲೆನೋವೂ ಹೋಗುತ್ತದೆ. ಆದರೆ ಒಂದೇ ಕಂಪನಿಯನ್ನು ನಂಬಿ ಕೂರಬೇಡಿ. ಶೇರ್‌ವೇರ್‌ನವರ ಹಣ ವಸೂಲು ಮಾಡಿಕೊಡುತ್ತಿದ್ದ ಕಾಗಿ 1994ರಿಂದ ನಡೆದು 2016ರಲ್ಲಿ ಬಾಗಿಲು ಹಾಕಿತು. ಹಳೇ ಕಾಪಿಗಳ ಒಳಗೆ ಆ ವಿಳಾಸ ಹಾಗೇ ಉಳಿಯಿತು.

ಪಾಯಿಂಟ್_ಐದು

ದುಡ್ಡಿನ ಮಾತು ಆಮೇಲೆ. ಮೊದಲು ಉತ್ತರ ಸರಿ ಇದೆಯಾ ನೋಡೋಣ.

ತುಂಗಾಬದಿ, ಈ ಲೆಕ್ಕ ಹಾಕಿ ನೋಡಿ. ಪ್ರತಿ ಸೆಕೆಂಡಿಗೆ 1 ಪೈಸೆ ಹಾಗೆ ಒಂದು ವರ್ಷ ಕಟ್ಟಬೇಕು. ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ, ಅದೂ ಸೆಕೆಂಡಿಗೊಮ್ಮೆ ಚಕ್ರಬಡ್ಡಿ. ಕಂತುಗಳು 3,15,36,000. ವರ್ಷದ ಕೊನೆಗೆ ಬರಬೇಕಾದದ್ದು 3,31,667 ರೂಪಾಯಿ 1 ಪೈಸೆ. ಇದು ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್ 1983ರಲ್ಲಿ ಕ್ಯಾಲ್ಕುಲೇಟರುಗಳನ್ನು ಪರೀಕ್ಷಿಸಲು ಹಾಕಿದ ಲೆಕ್ಕ. ಅವರು ಸೆಂಟ್‌ನಲ್ಲಿ ಹಾಕಿದ್ದರು, ನಾನು ಪೈಸೆ ಮಾಡಿದ್ದೇನೆ. ಎಚ್‌ಪಿಯವರ ಹಣಕಾಸು ಕ್ಯಾಲ್ಕುಲೇಟರ್ ಸರಿ ಉತ್ತರ ಕೊಟ್ಟಿತು. ಬೇರೆ ಕೆಲವು ತಪ್ಪಿದವು.

ಯಾಕೆ ತಪ್ಪುತ್ತವೆ? ಒಂದು ಸೆಕೆಂಡಿನ ಬಡ್ಡಿ ತೀರಾ ಚಿಕ್ಕದು. ಅದನ್ನು 1ಕ್ಕೆ ಕೂಡಿಸುವಾಗ ಕೊನೆಯ ಅಂಕಿಗಳು ಬಿದ್ದುಹೋಗುತ್ತವೆ. ಕೋಡಿನಲ್ಲಿ ಕಡಿಮೆ ಅಂಕಿ ಹಿಡಿಯುವ ಫ್ಲೋಟ್ ಬಳಸಿದರೆ 1 ಕೂಡಿಸು ಬಡ್ಡಿ ಅಂದರೆ ಬರೀ 1 ಆಗಿಬಿಡುತ್ತದೆ. ಅದರ ಘಾತದಿಂದ 1 ಕಳೆದರೆ ಸೊನ್ನೆ. ಬಡ್ಡಿ ಹಾಳಾಗಲಿ, ಕಟ್ಟಿದ 3,15,360 ರೂಪಾಯಿಯೂ ಮಾಯ! ಹೆಚ್ಚು ಅಂಕಿ ಹಿಡಿಯುವ ಡಬಲ್ ಬಳಸಿದರೆ ಹತ್ತಿರ ಬರುತ್ತದೆ. ಅದಕ್ಕೂ ಲಾಗ್‌1ಪಿ, ಎಕ್ಸ್‌ಪಿಎಂ1 ಫಂಕ್ಷನ್‌ಗಳನ್ನು ಬಳಸಿ. ಇಂಥ ಚಿಕ್ಕ ಸಂಖ್ಯೆಗೆಂದೇ ಅವು ಇರುವುದು.

ಸೆಕೆಂಡಿಗೊಮ್ಮೆ ಬಡ್ಡಿ ಯಾರೂ ಕೊಡುವುದಿಲ್ಲ, ಸರಿ. ಆದರೆ ರೇಟ್ ಹುಡುಕುವಾಗ ನಿಮ್ಮ ಕೋಡ್ ಊಹೆ ಮಾಡುತ್ತಾ ಮಾಡುತ್ತಾ ಸೊನ್ನೆಯ ಹತ್ತಿರ ಹೋಗುತ್ತದಲ್ಲ, ಅಲ್ಲಿ ಇದೇ ತೊಂದರೆ ಕಾಡುತ್ತದೆ. ಇನ್ನು ಐಆರ್‌ಆರ್‌ನಲ್ಲಿ ಹಣದ ಹರಿವಿನ ಚಿಹ್ನೆ (ಬಂದದ್ದು ಪ್ಲಸ್, ಹೋದದ್ದು ಮೈನಸ್) ಎರಡು ಸಲ ಬದಲಾದರೆ ಎರಡು ಉತ್ತರ ಇರಬಹುದು. ಒಂದನ್ನೇ ತೋರಿಸಿ ಸುಮ್ಮನಾಗಬೇಡಿ.

ತುಂಗಾಬದಿ

@ಪಾಯಿಂಟ್_ಐದು, ಈಗಲೇ ಹಾಕಿ ನೋಡಿದೆ. 3,31,667.01 ಬಂತು. ಒಳಗಿನ ಲೆಕ್ಕ ಎಲ್ಲ ಡಬಲ್‌ನಲ್ಲಿದೆ, ಪೈಸೆ ಪೂರ್ಣಾಂಕದಲ್ಲಿದೆ. ಐಆರ್‌ಆರ್‌ನಲ್ಲಿ ಚಿಹ್ನೆ ಎಷ್ಟು ಸಲ ಬದಲಾಯಿತು ಅಂತ ಎಣಿಸಿ ಎಚ್ಚರಿಕೆ ಕೊಡುತ್ತದೆ.

ಕ್ಯಾಶ್‌ಕೌಂಟರ್_ಧಾರವಾಡ

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದು ನಿವೃತ್ತಿ ಆದವನು. ತಮ್ಮಾ, ಸೆಕೆಂಡಿನ ಲೆಕ್ಕ ಬಿಡು. ಜನರ ಕೈಯಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟ್ ಇರುತ್ತದೆ. ನಿನ್ನ ಷೆಡ್ಯೂಲ್ ಅದಕ್ಕೆ ತಾಳೆ ಆಗಬೇಕು. ಆಗದಿದ್ದರೆ ಯಾಕೆ ಆಗಲಿಲ್ಲ ಅಂತ ನಿನ್ನ ಸಾಫ್ಟ್‌ವೇರೇ ಹೇಳಬೇಕು.

10 ಲಕ್ಷ, 8.5 ಪರ್ಸೆಂಟ್, 20 ವರ್ಷ. ಕಂತು 8,678 ರೂಪಾಯಿ 23 ಪೈಸೆ. 23 ಪೈಸೆ ಬಿಟ್ಟು 8,678 ತೆಗೆದುಕೊಂಡರೆ 240ನೇ ತಿಂಗಳಿಗೆ ಸುಮಾರು 145 ರೂಪಾಯಿ ಬಾಕಿ ಉಳಿಯುತ್ತದೆ. ಕೆಲವರು ಮೇಲಿನ ರೂಪಾಯಿಗೆ ಏರಿಸುತ್ತಾರೆ, ಆಗ ಕೊನೆಯ ಕಂತು ಕಡಿಮೆ ಆಗುತ್ತದೆ. ಎರಡೂ ಸರಿ. ಆದರೆ ಗ್ರಾಹಕರು ಬಂದು ನಿಮ್ಮ ಲೆಕ್ಕ ತಪ್ಪು ಅಂತ ಜಗಳ ಆಡುವುದು ಈ 145 ರೂಪಾಯಿಗೇ. ಲಕ್ಷಗಳಿಗೆ ಅಲ್ಲ.

ಈಗ ದರ 9 ಆಯಿತು ಅನ್ನು. ಬ್ಯಾಂಕ್ ಕಂತು ಏರಿಸದೆ ಅವಧಿ ಏರಿಸುತ್ತದೆ. 240 ತಿಂಗಳು ಇದ್ದದ್ದು 268ಕ್ಕೆ ಹೋಗುತ್ತದೆ. ಅರ್ಧ ಪರ್ಸೆಂಟಿಗೆ ಎರಡು ವರ್ಷಕ್ಕಿಂತ ಜಾಸ್ತಿ! ಯಾರಿಗೂ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಕಂತು ಅಷ್ಟೇ ಇದೆ.

ಇನ್ನೊಂದು ಹಾಕಿ ನೋಡು. 6.7 ಪರ್ಸೆಂಟಿಗೆ ತೆಗೆದುಕೊಂಡ 10 ಲಕ್ಷ, 20 ವರ್ಷ. ಕಂತು 7,574. ರಿಸರ್ವ್ ಬ್ಯಾಂಕ್ 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ದರವನ್ನು, 4ರಿಂದ 6.5ಕ್ಕೆ ಏರಿಸಿತು. ಅಷ್ಟೂ ಈ ಸಾಲದ ಮೇಲೆ ಬಿದ್ದರೆ 9.2. ಅಸಲು ಇನ್ನೂ 10 ಲಕ್ಷದ ಹತ್ತಿರವೇ ಇದ್ದರೆ ಒಂದು ತಿಂಗಳ ಬಡ್ಡಿಯೇ 7,667 ರೂಪಾಯಿ. ಕಂತು ಬಡ್ಡಿಗೇ ಸಾಲದು. ಅಸಲು ಬೆಳೆಯುತ್ತಾ ಹೋಗುತ್ತದೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಕ್ಯಾಲ್ಕುಲೇಟರಿಗೆ ಇದನ್ನು ಹಾಕಿದರೆ ಅವಧಿಯ ಜಾಗದಲ್ಲಿ ಇಂಗ್ಲಿಷಿನ ಮೂರು ಅಕ್ಷರ ಬಂತು, ಎನ್ ಎ ಎನ್, ಅಂದರೆ ಇದು ಸಂಖ್ಯೆಯೇ ಅಲ್ಲ ಅಂತ. ಇದನ್ನು ಯಾರಿಗೆ ತೋರಿಸಲಿ?

2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಏರಿಸಬೇಕೋ, ಅವಧಿ ಏರಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅಂತ ಆರಿಸುವ ಅವಕಾಶವನ್ನು ಸಾಲಗಾರನಿಗೆ ಕೊಡಬೇಕು ಅಂತ. ಈ ಮೂರನ್ನೂ ಅಕ್ಕಪಕ್ಕ ಇಟ್ಟು ತೋರಿಸುವ ಒಂದು ಹಾಳೆ ಮಾಡಿಕೊಡು. ಅದಕ್ಕೆ ಜನ ದುಡ್ಡು ಕೊಡುತ್ತಾರೆ.

ದಾವಣಗೆರೆ_ಟ್ಯಾಕ್ಸ್

ಸರ್ ಹೇಳಿದ ಹಾಳೆ ನನಗೆ ನಾಳೆಯೇ ಬೇಕು.

ಫ್ಲಾಟ್ ಬಡ್ಡಿಯದ್ದೂ ಅಷ್ಟೇ. ಬೈಕ್ ಸಾಲ ತೆಗೆದುಕೊಳ್ಳುವವರು 10 ಪರ್ಸೆಂಟ್ ಅಂತ ಖುಷಿಯಾಗಿ ಬರುತ್ತಾರೆ. 1 ಲಕ್ಷ, 3 ವರ್ಷ, ಫ್ಲಾಟ್ 10 ಅಂದರೆ 30,000 ಬಡ್ಡಿ ಸೇರಿಸಿ 36 ಭಾಗ, ಕಂತು 3,611. ಇಳಿಯುವ ಅಸಲಿನ ಮೇಲೆ ನೋಡಿದರೆ ಅದು 17.9 ಪರ್ಸೆಂಟ್. 2024ರ ಅಕ್ಟೋಬರ್‌ನಿಂದ ಹೊಸ ಚಿಲ್ಲರೆ ಸಾಲಗಳಿಗೆ ಕೊಡಬೇಕಾದ ಮುಖ್ಯಾಂಶಗಳ ಹಾಳೆಯಲ್ಲಿ ವಾರ್ಷಿಕ ದರ ಬರೆದಿರಬೇಕು, ಶುಲ್ಕಗಳನ್ನೂ ಸೇರಿಸಿ. ಅದನ್ನು ತಾಳೆ ನೋಡಲು ನನಗೆ ನಿಮ್ಮಂಥ ಸಾಫ್ಟ್‌ವೇರ್ ಬೇಕು.

ಉಚಿತವೇಇರಲಿ

ನೋಡಿ, ನೀವೇ ಹೇಳುತ್ತಿದ್ದೀರಿ. ಸಾಲಗಾರನಿಗೆ ತಿಳಿಯಬೇಕಾದ ವಿಷಯ ಇದು. ಬಡವನು ಫ್ಲಾಟ್ ಬಡ್ಡಿಯಲ್ಲಿ ಮೋಸ ಹೋಗುತ್ತಿದ್ದಾನೆ. ಅದನ್ನು 499ರ ಬೀಗದ ಹಿಂದೆ ಇಡುವುದು ಸರಿಯಾ?

ಹಳೇಫ್ಲಾಪಿ

ಈ ಮಾತು ಒಪ್ಪುತ್ತೇನೆ. ಉತ್ತರಕ್ಕೆ ಬೀಗ ಹಾಕಬಾರದು. ಅದು ನ್ಯಾಯದ ಪ್ರಶ್ನೆ ಮಾತ್ರ ಅಲ್ಲ, ವ್ಯಾಪಾರದ್ದೂ ಹೌದು. ಲೆಕ್ಕದ ಸಾಫ್ಟ್‌ವೇರನ್ನು ಜನ ಹೇಗೆ ನಂಬುತ್ತಾರೆ? ತಮಗೆ ಉತ್ತರ ಗೊತ್ತಿರುವ ಸಾಲವನ್ನು ಹಾಕಿ ನೋಡುತ್ತಾರೆ. ಪಾಸ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಹತ್ತಾರು ಸಲ ಹಾಕುತ್ತಾರೆ. 5 ಲಕ್ಷದ ಮೇಲೆ ಉತ್ತರ ಮುಚ್ಚುವುದು ತಕ್ಕಡಿಯ ಮುಳ್ಳಿಗೆ ಬಟ್ಟೆ ಸುತ್ತಿ ತೂಕ ಮಾಡಿದ ಹಾಗೆ. ಗೃಹಸಾಲ ಇರುವವನು ಅಲ್ಲಿಂದಲೇ ಎದ್ದು ಹೋಗುತ್ತಾನೆ. ಅವನೇ ನಿಮ್ಮ ಗಿರಾಕಿ.

ಫೋಟೋ ತಿದ್ದುವ ಸಾಫ್ಟ್‌ವೇರ್ ಆದರೆ ಚಿತ್ರದ ಮೇಲೆ ಮುದ್ರೆ ಹಾಕಿ ಕೊಡಬಹುದು. ಕೆಲಸ ಹೇಗಿದೆ ಅಂತ ಮುದ್ರೆಯ ಹಿಂದೆಯೂ ಕಾಣುತ್ತದೆ. ಅಂಕಿಗೆ ಹಾಗೆ ಮಾಡಲು ಬರುವುದಿಲ್ಲ.

ಹಾಗಂತ ಎಲ್ಲವನ್ನೂ ಪುಕ್ಕಟೆ ಕೊಡಿ ಅನ್ನುವುದನ್ನೂ ಒಪ್ಪುವುದಿಲ್ಲ. ಕನ್ನಡ ಟೈಪ್ ಮಾಡುವ ಬರಹ ಸಾಫ್ಟ್‌ವೇರ್ 1998ರಲ್ಲಿ ಬಂತು. ವರ್ಷಗಟ್ಟಲೆ ಉಚಿತವಾಗಿ ಹಂಚಿದರು. ಕನ್ನಡಿಗರು ಕಂಪ್ಯೂಟರಿನಲ್ಲಿ ಕನ್ನಡ ಬರೆದದ್ದು ಅದರಿಂದ. ಆಮೇಲೆ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಆಗ ಗೊಣಗಿದವರಲ್ಲಿ ಎಷ್ಟು ಜನ ಉಚಿತವಾಗಿದ್ದಾಗ ಒಂದು ರೂಪಾಯಿ ಕಳಿಸಿದ್ದರು? ವಿಂಡೋಸ್ ಬದಲಾದಾಗಲೆಲ್ಲ ಒಬ್ಬರು ಕೂತು ತಿದ್ದಬೇಕು.

ರೈನ್_ದಂಡೆ

ಬೀಗ ಪ್ರಿಂಟಿನಲ್ಲಿರಲಿ. ನಾನು ಹೀಗೆ ಮಾಡುತ್ತೇನೆ.

ಲೆಕ್ಕ ಎಲ್ಲ ತೆರೆದಿರುತ್ತದೆ, ಗಡುವಿಲ್ಲ. ಪ್ರಿಂಟ್ ಕೂಡ ಆಗುತ್ತದೆ. ಆದರೆ ಹಾಳೆಯ ಮೇಲೆ "ನೋಂದಾಯಿಸದ ಪ್ರತಿ" ಅಂತ ಇರುತ್ತದೆ. ದುಡ್ಡು ಕೊಟ್ಟರೆ ಆ ಜಾಗದಲ್ಲಿ ಅವರ ಆಫೀಸಿನ ಹೆಸರು, ಊರು ಬರುತ್ತದೆ. ಮನೆಯಲ್ಲಿ ಸಾಲದ ಲೆಕ್ಕ ನೋಡುವವನಿಗೆ ಆ ಸಾಲು ಇದ್ದರೇನು, ಬಿಟ್ಟರೇನು. ಕಕ್ಷಿದಾರರ ಕೈಗೆ ಹಾಳೆ ಕೊಡುವ ಆಫೀಸಿಗೆ ಮಾತ್ರ ಮುಜುಗರ ಆಗುತ್ತದೆ. ಅದರಿಂದ ಸಂಪಾದನೆ ಮಾಡುವವರೇ ಕೊಡುತ್ತಾರೆ. @ಉಚಿತವೇಇರಲಿ ಅವರ ಬಡವನಿಗೂ ತೊಂದರೆ ಇಲ್ಲ.

ನೋಂದಾಯಿಸಿದವರಿಗೆ ಕೊಡುವ ಕೀಲಿಯನ್ನು ಹೀಗೆ ಮಾಡಿ. ಆಫೀಸಿನ ಹೆಸರಿಗೆ ನಿಮ್ಮ ಹತ್ತಿರ ಮಾತ್ರ ಇರುವ ಖಾಸಗಿ ಕೀಲಿಯಿಂದ (ಒಂದು ಗುಟ್ಟಿನ ಸಂಖ್ಯೆ) ಡಿಜಿಟಲ್ ಸಹಿ ಹಾಕಿ ಒಂದು ಚಿಕ್ಕ ಫೈಲ್ ಕೊಡಿ. ಸಾಫ್ಟ್‌ವೇರ್ ಒಳಗೆ ಅದರ ಜೋಡಿಯಾದ ಸಾರ್ವಜನಿಕ ಕೀಲಿ ಇರುತ್ತದೆ, ಅದು ಸಹಿ ತಾಳೆ ನೋಡುತ್ತದೆ. ಸರ್ವರ್ ಬೇಡ, ಇಂಟರ್‌ನೆಟ್ ಬೇಡ. ನೀವು ನಾಳೆ ಈ ಕೆಲಸ ಬಿಟ್ಟರೂ ಅವರ ಕೀಲಿ ನಡೆಯುತ್ತದೆ. ಆ ಫೈಲನ್ನು ಪಕ್ಕದ ಆಫೀಸಿನವನು ಕದ್ದರೆ ಅವನ ಹಾಳೆಯ ಮೇಲೆ ಇವರ ಹೆಸರು ಪ್ರಿಂಟ್ ಆಗುತ್ತದೆ. ಯಾವ ಆಡಿಟರ್ ತನ್ನ ಗಿರಾಕಿಗೆ ಎದುರು ಆಫೀಸಿನ ಹೆಸರಿರುವ ಹಾಳೆ ಕೊಡುತ್ತಾನೆ?

ಕ್ರ್ಯಾಕ್ ಮಾಡುವವರು ಮಾಡುತ್ತಾರೆ. ಅವರ ಹಿಂದೆ ಓಡಬೇಡಿ. ನಿಜವಾದ ತೊಂದರೆ ಬೇರೆ: ಬರೆದವರ ಡಿಜಿಟಲ್ ಸಹಿ ಇಲ್ಲದ ಇನ್‌ಸ್ಟಾಲರ್ ಕಂಡರೆ ವಿಂಡೋಸ್ ನೀಲಿ ಬಣ್ಣದ ಎಚ್ಚರಿಕೆ ತೋರಿಸಿ ಹೆದರಿಸುತ್ತದೆ. ಕೋಡ್ ಸಹಿಯ ಪ್ರಮಾಣಪತ್ರಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. 2023ರ ಜೂನ್‌ನಿಂದ ಅದರ ಕೀಲಿಯನ್ನು ಸಾಮಾನ್ಯ ಫೈಲಿನಲ್ಲಿ ಇಟ್ಟುಕೊಳ್ಳುವ ಹಾಗೂ ಇಲ್ಲ, ಭದ್ರವಾದ ಯುಎಸ್‌ಬಿ ಟೋಕನ್ ಥರದ ಸಾಧನದಲ್ಲಿರಬೇಕು. 499ಕ್ಕೆ ಮಾರುವವರಿಗೆ ಇದೇ ದೊಡ್ಡ ಖರ್ಚು. ಮೊದಲು ಇದರ ಬೆಲೆ ವಿಚಾರಿಸಿ, ಆಮೇಲೆ 499 ಸಾಕಾ ಅಂತ ನೋಡಿ.

ಬಸ್‌ಸ್ಟಾಂಡ್_ಕಾಫಿ

ಆಂಡ್ರಾಯ್ಡ್ ಆ್ಯಪ್ ಮಾಡಿದರೆ ಇದೆಲ್ಲ ಇರಲ್ಲ ಅಲ್ವಾ?

ರೈನ್_ದಂಡೆ

ಬೇರೆ ಥರ ಇರುತ್ತದೆ. ಪ್ಲೇ ಸ್ಟೋರ್‌ಗೆ ಒಂದು ಸಲ 25 ಡಾಲರ್. 2023ರ ನವೆಂಬರ್ ಮಧ್ಯದ ನಂತರ ತೆರೆದ ವೈಯಕ್ತಿಕ ಖಾತೆಯಾದರೆ ಆ್ಯಪ್ ಹೊರಬಿಡುವ ಮೊದಲು 12 ಜನ ಎಡೆಬಿಡದೆ 14 ದಿನ ಪರೀಕ್ಷೆಯಲ್ಲಿ ಸೇರಿಕೊಂಡಿರಬೇಕು. ಹಣಕಾಸಿನ ವೈಶಿಷ್ಟ್ಯಗಳ ಬಗ್ಗೆ ಘೋಷಣೆ ತುಂಬಬೇಕು. ಸಾಲದ ಆ್ಯಪ್‌ಗಳ ಕಿರುಕುಳದ ಸುದ್ದಿ ಓದಿದ ಜನ "ಲೋನ್" ಅನ್ನುವ ಹೆಸರು ಕಂಡರೆ ಹೆದರುತ್ತಾರೆ. ಹೆಸರಿನಲ್ಲಿ ಆ ಪದ ಇಡಬೇಡಿ. ಕಾಂಟ್ಯಾಕ್ಟ್ಸ್ ಅನುಮತಿ ಅಂತೂ ಕೇಳಲೇಬೇಡಿ.

ಕ್ಯಾಶ್‌ಕೌಂಟರ್_ಧಾರವಾಡ

ಪ್ರಿಂಟಿನ ಮೇಲೆ ಹೆಸರು ಹಾಕುವುದು ಚಲೋ ಐಡಿಯಾ. ಆದರೆ ಒಂದು ಎಚ್ಚರಿಕೆ. ಹೆಸರಿನ ಕೆಳಗೆ ತಾರೀಖು, ಸಾಫ್ಟ್‌ವೇರ್‌ನ ಆವೃತ್ತಿ ಎರಡೂ ಬರಲಿ. ಬ್ಯಾಂಕಿನ ಷೆಡ್ಯೂಲ್ ಅಲ್ಲ ಅಂತಲೂ ಬರೆ. ಜನ ಅದನ್ನೇ ಹಿಡಿದು ಬ್ರಾಂಚಿಗೆ ಬರುತ್ತಾರೆ.

ಹಳೇಫ್ಲಾಪಿ

ಆವೃತ್ತಿಯ ಮಾತು ಬಂದದ್ದು ಒಳ್ಳೆಯದಾಯಿತು. ಶೇರ್‌ವೇರ್‌ನ ದೊಡ್ಡ ಅಪಾಯ ಕಳ್ಳತನ ಅಲ್ಲ, ಹಳೇ ಕಾಪಿ. ಪೆನ್‌ಡ್ರೈವ್‌ನಲ್ಲಿ ಹೋದದ್ದನ್ನು ವಾಪಸ್ ಕರೆಯಲು ಬರುವುದಿಲ್ಲ. ಐದು ವರ್ಷ ಆದಮೇಲೂ ಯಾವುದೋ ಊರಿನಲ್ಲಿ ನಿಮ್ಮ ಮೊದಲ ಕಾಪಿ ಓಡುತ್ತಿರುತ್ತದೆ.

ಕಂತಿನ ಸೂತ್ರಕ್ಕೆ ವಯಸ್ಸಾಗುವುದಿಲ್ಲ. 1981ರಲ್ಲಿ ಬಂದ ಎಚ್‌ಪಿ-12ಸಿ ಹಣಕಾಸು ಕ್ಯಾಲ್ಕುಲೇಟರನ್ನು ಇನ್ನೂ ಮಾರುತ್ತಿದ್ದಾರೆ. ಹೂಡಿಕೆ ವಿಶ್ಲೇಷಕರಿಗೆ ಇರುವ ಅಮೆರಿಕದ ಸಿಎಫ್‌ಎ ಪರೀಕ್ಷೆಗೆ ಒಯ್ಯಲು ಬಿಡುವುದು ಎರಡೇ ಬಗೆಯ ಕ್ಯಾಲ್ಕುಲೇಟರ್, ಅದರಲ್ಲಿ ಇದೂ ಒಂದು. ಯಾಕೆ ನಡೆಯುತ್ತದೆ? ಅದರ ಒಳಗೆ ಯಾವ ಸರ್ಕಾರದ ದರವೂ ಇಲ್ಲ. ಅವಧಿ, ಬಡ್ಡಿ, ಈಗಿನ ಬೆಲೆ, ಕಂತು, ಮುಂದಿನ ಬೆಲೆ, ಅಷ್ಟೇ. ನಾಲ್ಕು ಕೊಟ್ಟರೆ ಐದನೆಯದನ್ನು ಹೇಳುತ್ತದೆ.

ತೆರಿಗೆ ಹಾಗಲ್ಲ. 2024ರಲ್ಲಿ ಷೇರಿನ ದೀರ್ಘಾವಧಿ ಲಾಭದ ತೆರಿಗೆ ಜುಲೈ 23ರಿಂದ 10 ಇದ್ದದ್ದು 12.5 ಆಯಿತು. ವರ್ಷದ ನಡುವೆ! ಜೂನ್‌ನ ಕಾಪಿ ಇಟ್ಟುಕೊಂಡವನು ಆಗಸ್ಟ್‌ನಲ್ಲಿ ತಪ್ಪು ಲೆಕ್ಕ ಮಾಡುತ್ತಾನೆ, ಬೈಯುವುದು ನಿಮ್ಮನ್ನು. ತೆರಿಗೆಯನ್ನು ಒಳಗೆ ಸೇರಿಸಲೇಬೇಡಿ. ಪಿಪಿಎಫ್ ದರವನ್ನೂ ಒಳಗೆ ಬರೆಯದೆ ಬಳಸುವವರಿಂದಲೇ ಕೇಳಿ.

ದಾವಣಗೆರೆ_ಟ್ಯಾಕ್ಸ್

ಪಿಪಿಎಫ್‌ನಲ್ಲಿ ದರ ಒಂದೇ ಅಲ್ಲ, 5ನೇ ತಾರೀಖಿನ ನಿಯಮವೂ ಇದೆ. ತಿಂಗಳ 5ನೇ ತಾರೀಖು ಮುಗಿದ ಮೇಲಿಂದ ತಿಂಗಳ ಕೊನೆಯವರೆಗಿನ ಅತಿ ಕಡಿಮೆ ಬಾಕಿಗೆ ಬಡ್ಡಿ. 6ಕ್ಕೆ ಕಟ್ಟಿದರೆ ಆ ತಿಂಗಳ ಬಡ್ಡಿ ಹೋಯಿತು. ಕಟ್ಟಿದ ತಾರೀಖು ಕೇಳದ ಪಿಪಿಎಫ್ ಕ್ಯಾಲ್ಕುಲೇಟರ್ ನನಗೆ ಬೇಡ. ಎಫ್‌ಡಿಯಲ್ಲಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಅಂತ ಮೊದಲೇ ಆರಿಸಿಟ್ಟಿರಿ. 7 ಪರ್ಸೆಂಟ್ ಅಂದರೆ ವರ್ಷಕ್ಕೆ ನಿಜವಾಗಿ 7.19 ಅಂತ ಪಕ್ಕದಲ್ಲೇ ತೋರಿಸಿ.

ತುಂಗಾಬದಿ

ಎಲ್ಲವನ್ನೂ ಓದಿ ಮಾವನ ಜೊತೆ ಕೂತು ಹೀಗೆ ಮಾಡೋಣ ಅಂದುಕೊಂಡಿದ್ದೇನೆ. ಲೆಕ್ಕಕ್ಕೆ ಬೀಗ ಇಲ್ಲ, ಗಡುವಿಲ್ಲ. ಹಂಚಲು ಪೂರ್ತಿ ಅನುಮತಿ, ಆದರೆ ಜಿಪ್ ಫೈಲ್ ಹಾಗೇ ಹೋಗಬೇಕು, ಒಳಗಿನದ್ದನ್ನು ಬದಲಾಯಿಸುವ ಹಾಗಿಲ್ಲ. ನೋಂದಾಯಿಸಿದ ಆಫೀಸಿಗೆ ಅವರ ಹೆಸರಿನ ಪ್ರಿಂಟ್, ಕಕ್ಷಿದಾರರ ಫೈಲ್ ಉಳಿಸಿಡುವ ವ್ಯವಸ್ಥೆ, ಕ್ಯಾಶ್‌ಕೌಂಟರ್ ಸರ್ ಹೇಳಿದ ಮೂರು ಆಯ್ಕೆಯ ಹಾಳೆ. ಆ ಮೂರು ಆಯ್ಕೆ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ, ಆಫೀಸಿನ ಹೆಸರಿನಲ್ಲಿ ಹಾಳೆ ಬೇಕಾದವರು ಕೊಳ್ಳುತ್ತಾರೆ. ತೆರಿಗೆ ಇಲ್ಲ. ಎರಡು ವರ್ಷ ಹಳೆಯದಾದ ಕಾಪಿ ತೆರೆದಾಗ "ಹೊಸದು ಬಂದಿರಬಹುದು, ನೋಡಿ" ಅನ್ನುತ್ತದೆ, ನಿಲ್ಲುವುದಿಲ್ಲ.

ಯಾವ ಫಂಡ್ ಕೊಳ್ಳಬೇಕು ಅಂತ ಸಲಹೆ ಕೊಡುವ ಭಾಗ ಸೇರಿಸಿ ಅಂತ ಒಬ್ಬರು ಕೇಳಿದ್ದರು. ಅದನ್ನು ಬಿಟ್ಟಿದ್ದೇನೆ. ದುಡ್ಡು ತೆಗೆದುಕೊಂಡು ಹೂಡಿಕೆ ಸಲಹೆ ಕೊಟ್ಟರೆ ಷೇರುಪೇಟೆಯ ನಿಯಂತ್ರಕ ಸೆಬಿಯ ನೋಂದಣಿಯ ಪ್ರಶ್ನೆ ಬರುತ್ತದೆ. ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಹಾಕುವ ಹಣ) ಲೆಕ್ಕ ಮಾತ್ರ ಇರುತ್ತದೆ, ದರ ಅವರೇ ಹಾಕಬೇಕು.

ವಾಲೇಸ್ ಅವರ ಕಮಿಷನ್ ಪದ್ಧತಿ ತುಂಬಾ ಹಿಡಿಸಿತು. 499ರಲ್ಲಿ 100 ಕೊಡಬಹುದಾ?

ಹಳೇಫ್ಲಾಪಿ

ಕೊಡಿ, ಆದರೆ ನಗದಾಗಿ ಬೇಡ. ಮುಂದಿನ ದೊಡ್ಡ ಆವೃತ್ತಿಗೆ ರಿಯಾಯಿತಿ ಕೊಡಿ. ಒಬ್ಬೊಬ್ಬರಿಗೂ 100 ರೂಪಾಯಿ ಕಳಿಸಿ ಲೆಕ್ಕ ಇಡುವುದು ಸಾಫ್ಟ್‌ವೇರ್ ಬರೆಯುವುದಕ್ಕಿಂತ ದೊಡ್ಡ ಕೆಲಸ.

ಉಚಿತವೇಇರಲಿ

ಲೆಕ್ಕದ ಭಾಗದ ಕೋಡ್ ಆದರೂ ತೆರೆದಿಡಿ. ಪ್ರಿಂಟ್, ಕೀಲಿ ಇಟ್ಟುಕೊಳ್ಳಿ. ಪಾಯಿಂಟ್_ಐದು ಥರದವರು ಒಳಗೆ ನೋಡಿ ತಪ್ಪಿದ್ದರೆ ಹೇಳುತ್ತಾರೆ.

ಪಾಯಿಂಟ್_ಐದು

ಹೇಳುತ್ತೇನೆ. ಪರೀಕ್ಷೆಯ ಲೆಕ್ಕಗಳ ಪಟ್ಟಿಯನ್ನೂ ಜಿಪ್ ಒಳಗೆ ಹಾಕಿ, ಉತ್ತರ ಸಮೇತ.

ತುಂಗಾಬದಿ

@ಉಚಿತವೇಇರಲಿ, ಇದಕ್ಕೆ ಒಪ್ಪಿದೆ. ಲೆಕ್ಕದ ಲೈಬ್ರರಿ ಬೇರೆ ಮಾಡಿ ಹಾಕುತ್ತೇನೆ. @ಕ್ಯಾಶ್‌ಕೌಂಟರ್_ಧಾರವಾಡ ಸರ್, ನಿಮ್ಮ 7,574ರ ಸಾಲಕ್ಕೆ ಈಗ ಹೀಗೆ ತೋರಿಸುತ್ತದೆ: "ಈ ಕಂತಿನಲ್ಲಿ ಸಾಲ ತೀರುವುದಿಲ್ಲ. ತಿಂಗಳ ಬಡ್ಡಿ 7,667. ಕಂತು ಇದಕ್ಕಿಂತ ಜಾಸ್ತಿ ಇರಬೇಕು." ಸಾಕಾ?

ಕ್ಯಾಶ್‌ಕೌಂಟರ್_ಧಾರವಾಡ

ಸಾಲದು. "20 ವರ್ಷದಲ್ಲಿ ತೀರಬೇಕಾದರೆ 9,126 ಕಟ್ಟಬೇಕು" ಅಂತಲೂ ಸೇರಿಸು. ಬೇಡ ಅನ್ನುವುದರ ಜೊತೆ ಏನು ಮಾಡಬೇಕು ಅಂತಲೂ ಹೇಳಬೇಕು.

ದಾವಣಗೆರೆ_ಟ್ಯಾಕ್ಸ್

ನನ್ನ ಆಫೀಸಿನ ಹೆಸರು ಮೆಸೇಜ್ ಮಾಡಿದ್ದೇನೆ, ಕ್ಯೂಆರ್ ಕಳಿಸಿ. ಮತ್ತೆ ಬಿಲ್ ಕೊಡಿ, ನನಗೆ ಖರ್ಚಿಗೆ ಬರೆಯಲು ಬೇಕು. ಸೇವೆಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯ ಇಲ್ಲ, ಹೊರರಾಜ್ಯದವರಿಗೆ ಕೊಟ್ಟರೂ ಅಷ್ಟೇ. ನಂಬರ್ ಇಲ್ಲದೆ ಬಿಲ್‌ನಲ್ಲಿ ಜಿಎಸ್‌ಟಿ ಅಂತ ಮಾತ್ರ ಹಾಕಬೇಡಿ. ಸಾದಾ ಬಿಲ್, ಕ್ರಮಸಂಖ್ಯೆ, ತಾರೀಖು, ನಿಮ್ಮ ಸಹಿ. ಕ್ರಮಸಂಖ್ಯೆ 1 ನನಗೇ ಇರಲಿ.